ಲಾಡಿ ಹಾಕಿ ಜಗ್ಗಿದ ಸುರ

ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಟ್ರಂಪೆಟ್ ಕೊಂಡು ಕಲಘಟಗಿ ಬಸ್ಸು ಹತ್ತಿದಾಗ ಕಂಡಕ್ಟರು, "ಯಾರಿಗೆ ಒಯ್ಯಾಕತ್ತೀರಿ ಅಕ್ಕಾರ?" ಎಂದು ಕೇಳಿದ. "ನನಗರಿ," ಎಂದೆ. ಆತ ನಕ್ಕ. ಟಿಕೆಟ್ ಕೊಟ್ಟು ಮುಂದೆ ಹೋಗಿ, ತಿರುಗಿ ನೋಡಿ ಮತ್ತೊಮ್ಮೆ ನಕ್ಕ.

ನಮ್ಮದು ಬ್ಯಾಂಡಿನ ಮನೆ. ಅಪ್ಪನದು ಟ್ರಂಪೆಟ್, ಕಾಕಾನದು ಕ್ಲಾರಿನೆಟ್. ದುಮ್ಮವಾಡದ ಸುತ್ತಲಿನ ಲಗ್ನಗಳಿಗೆಲ್ಲ ಇವರೇ ಹೋಗುತ್ತಿದ್ದರು. ಮುಂದಿನ ಹಲ್ಲು ಉದುರಿದ ಮೇಲೆ ಅಪ್ಪ ಊದುವುದು ನಿಂತಿತು. ಹಲ್ಲಿನ ಆಸರೆ ಇಲ್ಲದ ತುಟಿ ಟ್ರಂಪೆಟ್ಟನ್ನು ಹಿಡಿಯುವುದಿಲ್ಲ. ಚಿಕ್ಕವಳಿದ್ದಾಗಿನಿಂದ ಅವನದನ್ನೇ ಊದಿ ಕಲಿತವಳು ನಾನು. ಅದೂ ಅಷ್ಟೊತ್ತಿಗೆ ತೂತುಬಿದ್ದು ಮೂಲೆ ಸೇರಿತ್ತು. ಬ್ಯಾಂಡಿಗೆ ಈಗ ಕಾಕಾನೇ ಮಾಸ್ತರ. ಅಪ್ಪನ ಜಾಗ ನನಗೆ ಕೊಡು ಎಂದು ಕೇಳಿದೆ. "ಮೊದಲ ವಾದ್ಯ ತಾ, ಆಮ್ಯಾಲ ನೋಡೂಣು," ಎಂದ. ಬ್ಲೌಸು ಹೊಲಿದು ಕೂಡಿಟ್ಟಿದ್ದನ್ನೆಲ್ಲ ಸುರಿದು ತಂದೆ.

ತಾಲೀಮಿನ ಅಂಗಳದಲ್ಲಿ ಬ್ಯಾಂಡಿನ ಕೀಬೋರ್ಡಿನ ಜೊತೆ ಊದಿ ನೋಡಿದರೆ ನನ್ನ ಸುರ ಅದರ ಬಿಳಿ ಪಟ್ಟಿಗೂ ಕೂಡಲಿಲ್ಲ, ಬಾಜುವಿನ ಕರಿ ಪಟ್ಟಿಗೂ ಕೂಡಲಿಲ್ಲ. ಎರಡರ ನಡುವೆ ನಿಂತು ಕಿರುಚಿತು. ಕಾಕಾ ಕಿವಿ ಮುಚ್ಚಿಕೊಂಡ.

"ಸುರ ಏರೇತಿ ಬೇ. ಇದನ್ನ ಕಟಗೊಂಡು ಹೋದ್ರ ಬೀಗರು ಕಲ್ಲು ಒಗೀತಾರ. ವಾಪಸ್ ಕೊಟ್ಟ ಬಾ."

ವಾಪಸ್ ಕೊಡುವವಳು ನಾನಲ್ಲ. ಟ್ರಂಪೆಟ್ಟಿನ ಮುಂಭಾಗದಲ್ಲಿ ಬಾಗಿದ ಕೊಳವೆಯೊಂದಿರುತ್ತದೆ. ಹೊರಗೆ ಜಗ್ಗಿದರೆ ಸುರ ಇಳಿಯುತ್ತದೆ, ಒಳಗೆ ದೂಡಿದರೆ ಏರುತ್ತದೆ. ನನ್ನದರಲ್ಲಿ ಅದು ಒಳಗೇ ಕಿಲುಬು ಹಿಡಿದು ಕೂತಿತ್ತು. ಹೊಲಿಗೆ ಮಷಿನ್ನಿನ ಎಣ್ಣೆ ಬಿಟ್ಟೆ, ಬಿಸಿನೀರಲ್ಲಿ ಅದ್ದಿದೆ, ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಗಿರಾಕಿಯ ಲಂಗದ ಲಾಡಿಯನ್ನು ಕೊಳವೆಯ ಬಾಗಿನಲ್ಲಿ ಪೋಣಿಸಿ, ಟ್ರಂಪೆಟ್ಟನ್ನು ಅಪ್ಪನ ಕೈಗೆ ಕೊಟ್ಟು, ಒಮ್ಮೆಲೇ ಜಗ್ಗಿದೆ. ಲಾಡಿ ಹರಿಯಿತು. ಇನ್ನೊಂದು ಹಾಕಿದೆ, ಅದೂ ಹರಿಯಿತು.

"ಗಿರಾಕಿಗೆ ಏನ್ ಹೇಳ್ತಿ? ಟ್ರಂಪೆಟ್ ಲಾಡಿ ತಿಂತು ಅಂತೀಯೇನು?" ಎಂದು ಅಪ್ಪ ಬೊಚ್ಚುಬಾಯಿ ತೆರೆದು ನಕ್ಕ. ಮುಂದಿನ ಸಲ ಜಗ್ಗಿದಾಗ ಕೊಳವೆ ಟಪ್ಪೆಂದು ಕಿತ್ತು ಬಂತು. ನಾನು ಹಿಂದಕ್ಕೆ ಬಟ್ಟೆಗಂಟಿನ ಮೇಲೆ ಬಿದ್ದೆ.

ಈಗ ಅದು ಸಡಿಲಾಗಿ, ಬೇಕಾದಷ್ಟು ಹೊರಗೆ ನಿಲ್ಲದಾಯಿತು. ಒಳಗೆ ಜಾರದಂತೆ ಹೊಲಿಗೆ ದಾರ ಸುತ್ತಿ ಅಡ್ಡ ಕಟ್ಟಿದೆ. ಮೊಬೈಲಿನಲ್ಲಿ ಸುರ ತೋರಿಸುವ ಆ್ಯಪ್ ಹಾಕಿ ಊದಿದರೆ ಮುಳ್ಳು ಸರಿಯಾಗಿ ನಡುವೆ ನಿಂತಿತು.

"ಇನ್ನೂ ಏರೇತಿ," ಎಂದ ಕಾಕಾ. ಮರುವಾರ, "ಈಗ ಇಳದೇತಿ," ಎಂದ. ಮೊಬೈಲ್ ತೋರಿಸಿದರೆ, "ಮೊಬೈಲ್ ಲಗ್ನಕ್ಕ ಬರತೈತೇನು?" ಎಂದ. ನನಗೆ ಮೈಯೆಲ್ಲ ಉರಿಯಿತು. ಆದರೆ ತಲೆಯಲ್ಲೊಂದು ಅನುಮಾನವೂ ಹೊಕ್ಕಿತು.

ಮುಂದಿನ ತಾಲೀಮಿಗೆ ಹೋಗುವ ಮುಂಚೆ ದಾರ ಬಿಚ್ಚಿ, ಕೊಳವೆಯನ್ನು ಪೂರ್ತಿ ಒಳಗೆ ದೂಡಿದೆ. ಮೊದಲ ದಿನ ಹೇಗಿತ್ತೋ ಹಾಗೇ. ಕಾಕಾನ ಮಗ ಟ್ರ್ಯಾಕ್ಟರ್ ಹೊಡೆಯುವವನು, ಆಗಾಗ ಬಂದು ಡ್ರಮ್ಮು ಬಡಿಯುತ್ತಿದ್ದ, ಅಷ್ಟಿಷ್ಟು ಊದಲೂ ಬರುತ್ತಿತ್ತು. "ನನ್ನ ತುಟಿ ಒಡದೇತೋ, ಇವತ್ತ ನೀ ಊದು," ಎಂದು ಅವನ ಕೈಗೆ ಕೊಟ್ಟೆ. ಅವನು ಊದಿದ. ಕೀಬೋರ್ಡಿನವನ ಮುಖ ಹುಳಿ ತಿಂದಂತಾಯಿತು. ಕಾಕಾ ಮಾತ್ರ ತಲೆ ಆಡಿಸಿದ.

"ಒಂದೀಟು ಏರೇತಿ. ನಡೀತೈತಿ ಬಿಡು, ಊದಿದಂಗ ಊದಿದಂಗ ಕೂಡ್ತೈತಿ."

ವಾದ್ಯ ಕಿತ್ತುಕೊಂಡು ಎಲ್ಲರ ಮುಂದೆ ಕೊಳವೆ ತೋರಿಸಿದೆ. "ಕಾಕಾ, ಇದು ಮೊದಲನೇ ದಿನದ್ದ ಸುರ. ನಾ ಊದಿದ್ರ ಬೀಗರು ಕಲ್ಲು ಒಗೀತಾರ, ಇಂವಾ ಊದಿದ್ರ ನಡೀತೈತೇನು?"

ಕಾಕಾ ಕ್ಲಾರಿನೆಟ್ ಒರೆಸತೊಡಗಿದ. ಒರೆಸುವಂಥದ್ದೇನೂ ಅದರಲ್ಲಿರಲಿಲ್ಲ. ಕಡೆಗೆ ಬಾಯಿಬಿಟ್ಟ: "ಹೆಣ್ಣಮಗಳು ಮೆರವಣಿಗ್ಯಾಗ ಊದಿದ್ರ ಮಂದಿ ಏನಂತಾರ?"

"ಅನ್ಲಿ. ಅಂದ ಮ್ಯಾಲ ನೋಡೂಣು."

"ಆ ಜಾಗಾ ನಂದು," ಎಂದ ಕಟ್ಟೆಯ ಮೇಲೆ ಕೂತಿದ್ದ ಅಪ್ಪ. "ನಾ ಆಕಿಗೆ ಕೊಟ್ಟೇನಿ." ಹಲ್ಲಿಲ್ಲದ ಬಾಯಿಂದ ಮಾತು ತೊದಲಿದರೂ ಎಲ್ಲರಿಗೂ ಕೇಳಿಸಿತು. ನನಗೆ ಅಳು ಬಂತು, ಅವರ ಮುಂದೆ ಅಳಲಿಲ್ಲ.

ಮೊದಲ ಲಗ್ನ ಮೊರಬದಲ್ಲಿ. ಎರೆಭೂಮಿಯ ಬಿಸಿಲು, ಟ್ರಂಪೆಟ್ ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ಹಿತ್ತಾಳೆ ಕಾದರೆ ಸುರ ಏರುತ್ತದೆ. ಮದುಮಗನ ಕಡೆಯವನೊಬ್ಬ ಕಾಕಾನ ಹತ್ತಿರ ಬಂದು, "ಸುರ ಏರೇತಲ್ರಿ ಮಾಸ್ತರ? ಹೆಣ್ಣಮಕ್ಕಳ ಕೈಯಾಗ ಕೊಟ್ರ ಹಿಂಗ," ಎಂದ. ಕಾಕಾ ಅವನ ಮುಖ ನೋಡದೆ, "ನಿಮ್ಮೂರ ಬಿಸಲಿಗೆ ಏರೇತ್ರಿ," ಎಂದ.

ಏರಿದ್ದು ನಿಜ. ಆ ಮನುಷ್ಯನಿಗಿಂತ ಮೊದಲೇ ನನ್ನ ಕಿವಿಗೆ ಅದು ಗೊತ್ತಾಗಿತ್ತು. ನಡುರಸ್ತೆಯಲ್ಲಿ ನಿಂತುಬಿಟ್ಟೆ. ಬ್ಯಾಂಡು ನಿಂತಿತು, ಹಿಂದೆ ಮದುಮಗನ ಕಾರೂ ನಿಂತಿತು. ಕೊಳವೆಯನ್ನು ತುಸು ಜಗ್ಗಿ, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ದಾರದುಂಡಿ ತೆಗೆದು ಇನ್ನಷ್ಟು ಸುತ್ತಿದೆ, ಹಲ್ಲಿನಿಂದ ಕಡಿದೆ. ಮದುಮಗ, ಬೀಗರು, ಕಾಕಾ ಎಲ್ಲರೂ ಕಾದರು. ನಾನು ಅವಸರ ಮಾಡಲಿಲ್ಲ.