ಇಬ್ಬರು ನಡೆಯುವಷ್ಟು ಅಗಲ

ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿಯ ಮೇಲಿನ ಕೋಣೆಯಲ್ಲಿ ಕೂತು ನಾನು ಹಳ್ಳಿಗಳ ಹಳೆಯ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುತ್ತೇನೆ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ. ಹೇಳಿಕೊಳ್ಳಲು ಸಂಕೋಚವಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ಈ ಕೆಲಸದಲ್ಲಿ ಲೋಕವೆಲ್ಲ ಮೂರೇ ಬಗೆ. ಕೊಳವೆಬಾವಿ ಒಂದು ಪಾಯಿಂಟ್. ರಸ್ತೆ ಒಂದು ಲೈನ್. ಹೊಲ, ಕೆರೆಗಳೆಲ್ಲ ಪಾಲಿಗನ್, ಅಂದರೆ ಸುತ್ತ ಗೆರೆ ಎಳೆದು ಮುಚ್ಚಿದ ಆಕಾರ.

ಕಳೆದ ವರ್ಷ ನಮ್ಮೂರಿನ ನಕ್ಷೆಯ ಹಾಳೆಯೇ ನನ್ನ ಕೈಗೆ ಬಂತು. ಜಾವಗಲ್ ದಾಟಿ ಬಸ್ಸಿಳಿದು ನಡೆಯಬೇಕಾದ ಊರು. ಪಕ್ಕದ ಹಳ್ಳಿಯ ಹಾಳೆಯ ಜೊತೆ ಕೂಡಿಸಿದಾಗ ಎರಡರ ನಡುವೆ ಸಣ್ಣ ಸೀಳು ಉಳಿಯಿತು. ಇದಕ್ಕೆ ನಾವು ಸ್ಲೈವರ್ ಎನ್ನುತ್ತೇವೆ. ಸಾಮಾನ್ಯವಾಗಿ ಅದು ಗೆರೆ ಎಳೆದವರ ಕೈತಪ್ಪು. ಸಾಫ್ಟ್‌ವೇರ್ ಕೆಂಪಗೆ ತೋರಿಸುತ್ತದೆ, ಪಕ್ಕದ ಹೊಲಕ್ಕೆ ಸೇರಿಸಿ ಮುಚ್ಚುತ್ತೇವೆ. ಆದರೆ ಈ ಸೀಳು ನನಗೆ ಗೊತ್ತಿತ್ತು. ನಮ್ಮ ಕೇರಿಯಿಂದ ಸ್ಮಶಾನಕ್ಕೆ ಹೋಗುವ ದಾರಿ. ಎರಡೂ ಊರಿನ ಹಾಳೆಗಳು ಅದನ್ನು ತಮ್ಮ ಗಡಿಯಿಂದ ಹೊರಗೆ ಬಿಟ್ಟಿದ್ದವು. ನನ್ನ ಡಿಗ್ರಿ ರಿಸಲ್ಟ್ ಬರುವ ಮೊದಲೇ ಅಪ್ಪನನ್ನು ಅದೇ ದಾರಿಯಲ್ಲಿ ಹೊತ್ತಿದ್ದೆವು, ಮುಂದೆ ಇಬ್ಬರು, ಹಿಂದೆ ಇಬ್ಬರು.

ಮೇಲ್ವಿಚಾರಕಿ ಮೇಡಂಗೆ ಹೇಳಿದೆ.

“ಹೊಲಕ್ಕೆ ಸೇರ್ಸಿ, ಮೇಲೊಂದು ಲೈನ್ ಎಳೀರಿ, ಸಾಕು,” ಅಂದರು.

“ಲೈನಿಗೆ ಅಗಲ ಇರಲ್ಲ ಮೇಡಂ. ನಾಳೆ ನೆಲ ಹೊಲದೋರ್ದು ಅಂತಾಗುತ್ತೆ. ಹೆಣ ಹೊರೋಕೆ ಇಬ್ಬರು ಪಕ್ಕಪಕ್ಕ ನಡೀಬೇಕಲ್ಲ.”

ಅವರು ಪರದೆಯ ಮೇಲೆ ಆ ಸೀಳನ್ನು ದೊಡ್ಡದು ಮಾಡಿ ನೋಡಿದರು. “ಹಾಗಾದ್ರೆ ಹೋಗಿ ಅಳತೆ ಮಾಡ್ಕೊಂಡು ಬನ್ನಿ.”

ರೋವರ್ ಎಂಬ ಜಿಪಿಎಸ್ ಕೋಲನ್ನು ಹೆಗಲಿಗೇರಿಸಿ ಹಳೇಬೀಡಿನ ಬಸ್ಸು ಹತ್ತಿದೆ. ಕೇರಿಯಲ್ಲಿ ಎಷ್ಟೋ ಮನೆಗಳಿಗೆ ಬೀಗ. ಓದಿದವರೆಲ್ಲ ಕೆಲಸ ಸಿಕ್ಕ ಕಡೆ ಹೋಗಿದ್ದರು, ನನ್ನ ಹಾಗೆಯೇ. ಜೊತೆಗೆ ಬರಲು ಯಾರೂ ಸಿಗಲಿಲ್ಲ. ಎರಡು ಕಡೆಯಿಂದಲೂ ಉಳುಮೆ ದಾರಿಯೊಳಕ್ಕೆ ಬಂದಿತ್ತು. ಗಡಿಕಲ್ಲುಗಳು ಮಾತ್ರ ಇದ್ದಲ್ಲೇ ಇದ್ದವು.

ಹೊಲದ ಗೌಡರು ನೋಡಿ ಹತ್ತಿರ ಬಂದರು. “ಏನ್ಲಾ, ನಿಮ್ಮಪ್ಪ ಕತ್ಲಲ್ಲೂ ಓಡಾಡ್ತಿದ್ದ ದಾರಿ. ನಿಂಗೆ ಸ್ಯಾಟಲೈಟ್ ಬೇಕಾಯ್ತಾ?”

“ಅವಾಗ ನೀವು ಇಲ್ಲಿಗಂಟ ರಾಗಿ ಬಿತ್ತಿರ್ಲಿಲ್ಲ ಗೌಡ್ರೇ.”

“ಈಗ ಯಾರ್ಲಾ ಓಡಾಡ್ತಾರೆ? ನಿಮ್ಮೋರೆಲ್ಲ ಊರು ಬಿಟ್ರಲ್ಲ.”

“ಸತ್ತಾಗ ಬತ್ತೀವಿ.”

ಗೌಡರು ಜೋರಾಗಿ ನಕ್ಕರು. “ಹಂಗಾರೆ ನಿಧಾನಕ್ಕೇ ಬಾ ಕಣೋ!” ಒಂದು ಕಲ್ಲನ್ನು ಮುಚ್ಚಿದ್ದ ಗಿಡವನ್ನು ಕುಡುಗೋಲಿನಿಂದ ಅವರೇ ಸವರಿ ಹೋದರು.

ಎಡಗಡೆಯ ಕಲ್ಲುಗಳ ಬಳಿ ಕೋಲು ನಿಲ್ಲಿಸುತ್ತಾ ಅಪ್ಪನನ್ನು ಮಣ್ಣು ಮಾಡಿದ ಜಾಗದವರೆಗೂ ಹೋದೆ. ಬಲಗಡೆಯ ಕಲ್ಲುಗಳನ್ನು ಹಿಡಿದು ವಾಪಸ್ಸು ಬಂದೆ. ಪಾಲಿಗನ್ ಮುಚ್ಚಬೇಕಾದರೆ ಹೊರಟಲ್ಲಿಗೇ ಬರಬೇಕು. ಇಬ್ಬರ ದಾರಿಯನ್ನು ಒಬ್ಬನೇ ಎರಡು ಸಲ ನಡೆದೆ.

ದಾರಿಯನ್ನು ಬೇರೆಯೇ ಪಾಲಿಗನ್ ಮಾಡಲು ಮೇಡಂ ಒಪ್ಪಿದರು. ಬಳಕೆಯ ಕಾಲಂನಲ್ಲಿ ‘ಸ್ಮಶಾನದ ದಾರಿ’ ಎಂದು ಟೈಪ್ ಮಾಡಿದೆ. ಆ ಸಂಜೆ ಯಾರಿಗಾದರೂ ಹೇಳಬೇಕೆನಿಸಿ ಫೋನ್ ತೆಗೆದೆ. ಪಾಲಿಗನ್ ಅಂದರೆ ಏನು ಎಂಬಲ್ಲಿಂದ ಶುರು ಮಾಡಬೇಕಿತ್ತು. ಮತ್ತೆ ಜೇಬಿಗಿಟ್ಟೆ.

ತಾಲ್ಲೂಕಿನ ನಕ್ಷೆ ಪೂರ್ತಿ ತೆರೆದರೆ ಆ ದಾರಿ ಕಾಣುವುದಿಲ್ಲ. ತುಂಬಾ ಹತ್ತಿರಕ್ಕೆ ಹೋಗಬೇಕು. ಕೆಲವು ಸಂಜೆ, ಕಂಪ್ಯೂಟರ್ ಆರಿಸುವ ಮೊದಲು, ಹೋಗುತ್ತೇನೆ.