ಎಲ್ಲಿಗೆ ಎಂದು ಕೇಳಿದವಳು

ನಾನು ನಿಂತಿದ್ದು ನಮ್ಮ ಮನೆಯ ಜಗಲಿಯ ಮೇಲೆ, ಬಾಗಿಲಿನ ಎಡಗಡೆಯ ಕಂಬದ ಹತ್ತಿರ. ಹಂದನಕೆರೆಯಿಂದ ಸ್ವಲ್ಪ ಈಚೆಗೆ, ರಸ್ತೆಗೆ ಮುಖ ಮಾಡಿದ ಮನೆ. ಮೂರು ವರ್ಷದ ಹಿಂದೆ, ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಎರಡನೇ ವಾರ. ಬೆಳಿಗ್ಗೆ ಏಳು ಗಂಟೆ ದಾಟಿತ್ತು. ಕೊಬ್ಬರಿ ಚೀಲಗಳ ಬಾಯಿ ಹೊಲಿದು ಮುಗಿಸಿದ್ದೆ. ಲಗೇಜ್ ಆಟೋದ ಮೇಲೆ ಟಾರ್ಪಾಲು ಕಟ್ಟುವುದೂ ನನ್ನದೇ ಕೆಲಸ. ಮಳೆ ಬರುವ ಹಾಗೆ ಕಾಣಲಿಲ್ಲ. ನಾನು ಕಟ್ಟಲಿಲ್ಲ. ಮಡಿಚಿದ ಟಾರ್ಪಾಲು ನನ್ನ ಕಾಲ ಬಳಿಯೇ ಬಿದ್ದಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವತ್ತು ಹೇಳಲಿಲ್ಲ.

ಅಣ್ಣ ತಿಪಟೂರಿನ ಮಾರುಕಟ್ಟೆಗೆ ಹೊರಟಿದ್ದ. ವಿಭೂತಿ ಇಟ್ಟು, ಚಪ್ಪಲಿ ಮೆಟ್ಟಿ, ಒಂದು ಮೆಟ್ಟಿಲು ಇಳಿದಿದ್ದ. ಅವನ ಮಗಳು, ಆಗ ಏಳು ವರ್ಷದವಳು, ಒಳಗಿನಿಂದ ಓಡಿ ಬಂದು ಅವನ ಅಂಗಿಯ ತುದಿ ಹಿಡಿದಳು.

“ಎಲ್ಲಿಗ್ ಹೋಗ್ತೀಯಪ್ಪಾ? ಎಷ್ಟೊತ್ತಿಗ್ ಬತ್ತೀಯ?”

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಇದು ಅವಳಿಗೂ ಗೊತ್ತಿತ್ತು. ಆದರೂ ಒಂದು ವರ್ಷದಿಂದ ಯಾರು ಹೊರಟರೂ ಕೇಳುತ್ತಿದ್ದಳು. ಅದಕ್ಕೆ ಕಾರಣ ನಾವೇ. ಹಿಂದಿನ ವರ್ಷ ಅತ್ತಿಗೆಗೆ ತುಮಕೂರಿನಲ್ಲಿ ಆಪರೇಷನ್ ಆಯಿತು. ಮಗಳು ಏಳುವ ಮೊದಲೇ ಅವರನ್ನು ಕರೆದುಕೊಂಡು ಹೋದೆವು. ಮಕ್ಕಳಿಗೆ ಇದೆಲ್ಲ ಯಾಕೆ ಎಂದರು ಅಮ್ಮ. ನಿಮ್ಮಮ್ಮ ತವರಿಗೆ ಹೋಗಿದ್ದಾಳೆ, ನಾಳೆ ಬರುತ್ತಾಳೆ ಎಂದು ಹೇಳಿದೆವು. ಆ ನಾಳೆ ಬರಲು ಇಪ್ಪತ್ತೆರಡು ದಿನ ಹಿಡಿಯಿತು. ಅಷ್ಟು ದಿನವೂ ನಾಳೆ ಎಂದೇ ಹೇಳಿದೆವು. ಅತ್ತಿಗೆ ಸೊರಗಿ ವಾಪಸು ಬಂದಾಗ ಅವಳು ಹತ್ತಿರ ಹೋಗಲಿಲ್ಲ. ದೂರ ನಿಂತು, ಮತ್ತೆ ಯಾವಾಗ ಹೋಗ್ತೀಯ ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವತ್ತು ಅಣ್ಣ ಚಪ್ಪಲಿ ಬಿಟ್ಟು ವಾಪಸು ಒಳಗೆ ಹೋದ. ಅಪಶಕುನ ಕಳೆಯಲು ಕುರ್ಚಿಯಲ್ಲಿ ಕೂತು ನೀರು ಕುಡಿದ. ಅಮ್ಮ ಅಡುಗೆಮನೆಯಿಂದಲೇ ಮೊಮ್ಮಗಳನ್ನು ಬೈದರು, ಅತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಟೋದವನಿಗೆ ಹೊತ್ತಾಗುತ್ತಿತ್ತು.

“ಬುಡಣ್ಣ, ಮಗು ಕೇಳುದ್ರೆ ನನ್ ಗಾಡಿ ಏನ್ ರಿವರ್ಸಲ್ಲಿ ಹೋಗುತ್ತಾ?” ಎಂದ.

ಅಣ್ಣ ನಗಲಿಲ್ಲ. ನಮ್ಮ ಮನೆಯಲ್ಲಿ ಮಕ್ಕಳಿಗೆ ಯಾರೂ ಹೊಡೆಯುವುದಿಲ್ಲ. ಆ ವಿಷಯದಲ್ಲಿ ನಮಗೆಲ್ಲ ಹೆಮ್ಮೆ. ಅವನು ದನಿ ಏರಿಸದೆ ಹೇಳಿದ:

“ಇವತ್ತೇನಾರ ಆದ್ರೆ ನಿನ್ನಿಂದ್ಲೇ ಕಣೇ. ನೆಪ್ಪಿಟ್ಕೋ.”

ತಿಪಟೂರು ಇನ್ನೂ ನಾಲ್ಕು ಮೈಲಿ ಇರುವಾಗ ಮಳೆ ಹೊಡೆಯಿತು. ಚೀಲಗಳೆಲ್ಲ ತೊಯ್ದವು. ಒದ್ದೆ ಕೊಬ್ಬರಿ ಬೂಷ್ಟು ಹಿಡಿಯುತ್ತದೆಂದು ಮಂಡಿಯವರು ಮುಟ್ಟಲಿಲ್ಲ. ಅಣ್ಣ ಸಂಜೆ ಅಷ್ಟನ್ನೂ ವಾಪಸು ತಂದ. ಅಂಗಳದಲ್ಲಿ ನಿಂತು ಮಗಳನ್ನು ಕರೆದ. ಅಮ್ಮನೂ ಅತ್ತಿಗೆಯೂ ಜಗಲಿಗೆ ಬಂದರು. ಹರಿದ ಚೀಲದೊಳಗಿಂದ ಒಂದು ಕೊಬ್ಬರಿ ತೆಗೆದು ಅವಳ ಕೈಗಿಟ್ಟ.

“ನೋಡು. ನೀನ್ ಕೇಳಿದ್ದುಕ್ಕೆ ಹಿಂಗಾಯ್ತು.”

ನಾನು ಅವರಿಂದ ಮೂರು ಮಾರು ದೂರದಲ್ಲಿ ಚೀಲ ಹೊತ್ತು ನಿಂತಿದ್ದೆ. ಆಟೋದವನು ನನ್ನ ಮುಖ ನೋಡಿದ. ಟಾರ್ಪಾಲು ಯಾರು ಕಟ್ಟಬೇಕಿತ್ತೆಂದು ಅವನಿಗೆ ಗೊತ್ತಿತ್ತು. ಅಣ್ಣ ಅದನ್ನು ಕೇಳಲೇ ಇಲ್ಲ. ನಾನು ತಲೆ ತಗ್ಗಿಸಿದೆ. ಅವಳು ಅಳಲಿಲ್ಲ. ಕೊಬ್ಬರಿಯನ್ನು ಎರಡೂ ಕೈಯಲ್ಲಿ ಹಿಡಿದು, “ಒಣಗುಸ್ಲಾ ಅಪ್ಪ?” ಎಂದಳು.

ನಾಲ್ಕು ದಿನ ಶಾಲೆಗೆ ಹೋಗುವ ಮೊದಲು ಒಂದೊಂದೇ ಕೊಬ್ಬರಿಯನ್ನು ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಇಟ್ಟಳು. ಮೊಮ್ಮಗಳು ಕೆಲಸ ಕಲಿತಳು ಎಂದು ಅಮ್ಮ ಬಂದವರಿಗೆಲ್ಲ ಹೇಳಿಕೊಂಡರು.

ಆಮೇಲೆ ಅವಳು ಯಾರನ್ನೂ ಏನನ್ನೂ ಕೇಳಲಿಲ್ಲ. ಯಾರಾದರೂ ಹೊರಟರೆ ಹಿತ್ತಲಿಗೆ ಹೋಗಿ ಬಾಯಿಗೆ ಕೈ ಒತ್ತಿ ನಿಲ್ಲುತ್ತಿದ್ದಳು. ಹೊಟ್ಟೆನೋವು ಶುರುವಾಯಿತು, ವಾಂತಿ ಶುರುವಾಯಿತು. ಜಂತುಹುಳದ ಮಾತ್ರೆ ಕೊಟ್ಟೆವು, ಸ್ಕ್ಯಾನ್ ಮಾಡಿಸಿದೆವು, ತಾಯಿತ ಕಟ್ಟಿಸಿದೆವು. ಚಿಕ್ಕನಾಯಕನಹಳ್ಳಿಯ ಡಾಕ್ಟರು, ಮನೆಯಲ್ಲಿ ಮಗುವಿಗೆ ಯಾವುದರ ಹೆದರಿಕೆ ಎಂದು ಕೇಳಿದರು. ಯಾವುದೂ ಇಲ್ಲ ಸಾರ್, ಎಲ್ಲರಿಗೂ ಇವಳೆಂದರೆ ಪ್ರಾಣ ಎಂದರು ಅತ್ತಿಗೆ. ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಶಾಲೆಯಲ್ಲಿ ಅವಳು ಒಂದಕ್ಕೆ ಹೋಗಲೂ ಕೇಳುವುದಿಲ್ಲ, ಕೂತಲ್ಲೇ ಒದ್ದೆ ಮಾಡಿಕೊಳ್ಳುತ್ತಾಳೆ ಎಂದು ಮೇಡಂ ಹೇಳಿ ಕಳಿಸಿದರು. ಬಾಯಿಲ್ಲದ ಹುಡುಗಿ ಎಂದ ಅಣ್ಣ. ಆ ಬಾಯಿ ಮುಚ್ಚಿಸಿದವನೇ ಹೀಗೆ ಹೇಳಿದಾಗ ಅವನ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಹಿಡಿಯುವ ಯೋಗ್ಯತೆ ನನಗಿರಲಿಲ್ಲ.

ಹೋದ ತಿಂಗಳು ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಅವಳಿಗೆ ಎಲ್ಲವನ್ನೂ ಹೇಳಿದೆ. ಟಾರ್ಪಾಲು ಕಟ್ಟಬೇಕಾಗಿದ್ದವನು ನಾನು, ನಿನ್ನ ಮಾತಿಗೂ ಆ ಮಳೆಗೂ ಸಂಬಂಧವೇ ಇಲ್ಲ ಎಂದೆ. ಅವಳಿಗೀಗ ಹತ್ತು ವರ್ಷ. ಬಾಗಿಲ ಕಡೆ ನೋಡಿ ಮೆಲ್ಲಗೆ ಕೇಳಿದಳು:

“ಅಪ್ಪಂಗೆ ಹೇಳಿದ್ಯಾ ಚಿಕ್ಕಪ್ಪ?”

ಇಲ್ಲ ಎಂದೆ.

“ಹೇಳ್ತೀಯಾ?”

ಅವತ್ತೇ ಸಂಜೆ, ಕಾಫಿ ಕುಡಿಯುವಾಗ, ಎಲ್ಲರ ಎದುರಿಗೆ ಹೇಳಿದೆ. ಅಣ್ಣ ಲೋಟ ಕೆಳಗಿಟ್ಟ. “ಆಗಿದ್ದಾಯ್ತು ಬುಡ್ಲಾ, ಈಗ್ಯಾಕೆ ಅದೆಲ್ಲ,” ಎಂದು ಎದ್ದು ಹೋದ. ಬಾಗಿಲ ಬಳಿ ನಿಂತಿದ್ದ ಮಗಳನ್ನು ದಾಟಿಕೊಂಡೇ ಹೋದ.

ಮೂರು ವರ್ಷದ ಹಿಂದಿನ ಆ ಬೆಳಿಗ್ಗೆಯನ್ನೂ ಆ ಮಳೆಯ ದಿನದ ಸಂಜೆಯನ್ನೂ ಕಂಡವರು ಇನ್ನೂ ನಾಲ್ವರಿದ್ದಾರೆ. ಅಮ್ಮ, ಮಂಡಿನೋವು ಬಿಟ್ಟರೆ ಗಟ್ಟಿಮುಟ್ಟಾಗಿದ್ದಾರೆ. ಅತ್ತಿಗೆ. ಆಟೋದವನು, ಈಗ ಹುಳಿಯಾರಿನಲ್ಲಿ ಶಾಲೆಯ ವ್ಯಾನ್ ಓಡಿಸುತ್ತಾನೆ. ಮತ್ತೆ ಅಣ್ಣ. ನಾಲ್ವರೂ ಬದುಕಿದ್ದಾರೆ, ನಾಲ್ವರಿಗೂ ನೆನಪಿದೆ. ಇದನ್ನು ಬರೆಯುವ ಈ ಹೊತ್ತಿನವರೆಗೂ ಅವರಲ್ಲಿ ಒಬ್ಬರೂ ಅವಳನ್ನು ಕರೆದು, ನಿನ್ನದು ತಪ್ಪಲ್ಲಮ್ಮ ಎಂದು ಹೇಳಿಲ್ಲ.