ಗಾರೆ ಮುಚ್ಚಿದ ಗೂಡು

ಆ ಓಣಿಯವರಿಗೆ ಆಕೆ ಸೂಜಿಯಕ್ಕ. ಬಾಡಿಗೆಯ ಒಂದೇ ಕೋಣೆ, ಕಿಟಕಿಯ ಪಕ್ಕ ಹೊಲಿಗೆ ಯಂತ್ರ. ಹೊರಗೆ, ಇಟ್ಟಿಗೆ ಗೋಡೆಯ ಸಂದಿನಲ್ಲಿ, ಅವಳು ಬರುವುದಕ್ಕೂ ಮೊದಲಿನಿಂದ ಮುಜಂಟಿ ಜೇನಿನ ಸಂಸಾರ. ಇರುವೆಗಿಂತ ತುಸು ದೊಡ್ಡ ಕಪ್ಪು ಹುಳ, ಚುಚ್ಚುವ ಕೊಂಡಿಯಿಲ್ಲ. ಮೇಣಕ್ಕೆ ಮರದ ಅಂಟು ಕಲಸಿ ಗೂಡಿನ ಬಾಯಿಗೊಂದು ಕೊಳವೆ ಕಟ್ಟಿಕೊಳ್ಳುತ್ತದೆ. ಅದರ ಅಂಚಿನಲ್ಲಿ ಕಾವಲು ಹುಳಗಳ ತಲೆ ಕಾಣದೆ ಆಕೆ ಯಂತ್ರ ತುಳಿಯುತ್ತಿರಲಿಲ್ಲ. ಗಂಡ ತೀರಿಹೋದ ಮೇಲೆ ಬೆಳಿಗ್ಗೆ ಏಳಲು ಅದೇ ಒಂದು ನೆಪ ಎನ್ನುತ್ತಾಳೆ.

"ಸೂಜಿಯಕ್ಕನಿಗೆ ಸೂಜಿಯಿಲ್ಲದ ಹುಳಾನೇ ನೆಂಟರು," ಎಂದು ಗಾರೆ ಕೆಲಸದ ತಮ್ಮ ಛೇಡಿಸುತ್ತಿದ್ದ. ಮನೆ ಮಾಲೀಕರು ಹೊರಗೋಡೆಗೆ ಗಾರೆ ಮೆತ್ತುವ ಕೆಲಸ ಒಪ್ಪಿಸಿದ್ದು ಅವನಿಗೇ. ಒಂದು ದಿನ ಆಕೆ ಹೊಲಿದ ಬಟ್ಟೆ ಕೊಟ್ಟು ಬರುವಷ್ಟರಲ್ಲಿ ಗೋಡೆ ನುಣ್ಣಗಾಗಿತ್ತು.

"ನೋಡಕ್ಕ, ಕನ್ನಡಿ ಆದಂಗಾಗಿದೆ!"

"ಗೂಡಿನ ಬಾಯಿ ಎಲ್ಲೋ?"

ಅವನು ಪೆಚ್ಚಾದ. ಕೆಲಸಕ್ಕಿಳಿದರೆ ಅವನಿಗೆ ತೂತೆಂದರೆ ತೂತು. ಮನಸ್ಸು ಎಚ್ಚರಗೊಳ್ಳುವ ಮೊದಲೇ ಗಾರೆ ಬಳಿಯುವ ಕರಣೆ ಮುಚ್ಚಿಬಿಟ್ಟಿರುತ್ತದೆ.

ಈಗ ಕೊರೆಯುವುದೆಲ್ಲಿ? ಒಳಗೆ ರಾಣಿ, ಮರಿಗಳು. ಉಳಿ ತಪ್ಪು ಕಡೆ ಹೊಕ್ಕರೆ ಗೂಡೇ ಪುಡಿ. ಅಷ್ಟರಲ್ಲಿ ಮೇವಿಗೆ ಹೋಗಿದ್ದ ಹುಳಗಳು ಮರಳಿ, ಹಸಿ ಗಾರೆಯ ಒಂದೇ ಜಾಗದೆದುರು ಗಾಳಿಯಲ್ಲಿ ತೂಗಾಡತೊಡಗಿದವು. ಕಾಲಿನ ತುಂಬ ಪರಾಗ, ಇಳಿಯಲು ಬಾಗಿಲಿಲ್ಲ. ಆಕೆ ಅಲ್ಲಿಗೇ ಬೆರಳಿಟ್ಟಳು. ತಮ್ಮ ಕೆರೆದ. ಗಾಬರಿಯಲ್ಲಿ ತೂತು ದೊಡ್ಡದಾಯಿತು. ಸಾಲದೆಂಬಂತೆ, ಪಾಪ ಹಸಿದಿರುತ್ತವೆ ಎಂದು ಸುತ್ತ ಸಕ್ಕರೆ ನೀರನ್ನೂ ಸವರಿದ.

"ಅಯ್ಯೋ ಪುಣ್ಯಾತ್ಮ, ಇರುವೆಗೆ ಕರೆಯೋಲೆ ಕಳಿಸಿದಂಗಾಯ್ತಲ್ಲೋ!"

ಇರುವೆ ಸಾಲು ಗೋಡೆ ಹತ್ತಿಯೇ ಬಿಟ್ಟಿತು. ಕತ್ತಲಾಗುವವರೆಗೂ ಆಕೆ ಒದ್ದೆ ಬಟ್ಟೆಯಲ್ಲಿ ಒರೆಸಿದಳು.

ಮರುದಿನ ತೂತೇ ಇರಲಿಲ್ಲ. ಒಳಗಿನಿಂದ ಕಂದು ಅಂಟು ಪೂರ್ತಿ ಮುಚ್ಚಿತ್ತು.

"ಮತ್ತೆ ತೆಗೀಲಾ?" ತಮ್ಮ ಕರಣೆ ಎತ್ತಿದ.

"ಕೈ ಇಡಬೇಡ. ಇದು ನೀನು ಮುಚ್ಚಿದ್ದಲ್ಲ, ಅವೇ ಮುಚ್ಕೊಂಡಿದ್ದು."

ಅಂದಳೇ ಹೊರತು ಧೈರ್ಯವಿರಲಿಲ್ಲ. ಒಳಹೊಕ್ಕ ಇರುವೆಗಳೊಂದಿಗೇ ಬಾಗಿಲು ಹಾಕಿಕೊಂಡಿದ್ದರೆ? ಗೋಡೆಗೆ ಕಿವಿಯಿಟ್ಟಳು; ಏನೂ ಕೇಳಿಸಲಿಲ್ಲ. ಹೊಲಿಯಲು ಕೂತರೆ ಸೂಜಿಗೆ ದಾರ ಹೋಗಲಿಲ್ಲ. ತಮ್ಮ ಕೆಲಸಕ್ಕೆ ಹೋಗದೆ ಹೊಸ್ತಿಲಲ್ಲೇ ಕೂತ.

ಬಿಸಿಲು ಗೋಡೆಗೆ ಬಂದ ಮೇಲೆ ಅಂಟಿನ ನಡುವೆ ಸಾಸಿವೆಯಷ್ಟು ಕಂಡಿ ಬಿತ್ತು. ಒಂದು ಕಪ್ಪು ತಲೆ ಇಣುಕಿ ಹಿಂದೆ ಸರಿಯಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕೊನೆಗೆ, ರಾತ್ರಿಯೆಲ್ಲ ಸೂರಿನಡಿ ಕಳೆದ ಹುಳವೊಂದು ಪರಾಗ ಹೊತ್ತು ಬಂದು ಕಂಡಿಯ ಬಳಿ ಇಳಿಯಿತು. ಒಳಗಿನವರು ಅದನ್ನು ಮೂಸಿ, ದಾರಿ ಬಿಟ್ಟರು.

"ಈಗ ಉಸಿರು ಬಿಡ್ಲಾ ಅಕ್ಕ?" ಕಂಡಿಯ ಹತ್ತಿರವೇ ಬಗ್ಗಿ ನಿಂತಿದ್ದ ತಮ್ಮ ಪಿಸುಗುಟ್ಟಿದ.

"ಬಿಡು. ಆ ಕಡೆ ತಿರುಗಿ ಬಿಡು."